ಚಿಕ್ಕಪ್ಪ ‘ಆಯ್ತು’ ಅನ್ನುವವರೆಗೆ

ಅಡುಗೆಮನೆಯಲ್ಲಿ ಯಾರಾದರೂ ವಿನೆಗರ್ ಬಾಟಲಿಯ ಮುಚ್ಚಳ ತೆಗೆದರೆ ನನಗೆ ಇವತ್ತಿಗೂ ಸಂಜೆ ಐದೂಕಾಲು ಆಗಿಬಿಡುತ್ತದೆ. ತಮಿಳು ಸೀಮೆಯ ಪೆರಂಬೂರಿನ ನಮ್ಮ ಬಾಡಿಗೆ ಮನೆಯ ಬಚ್ಚಲಿಗೆ ಅದೇ ಹುಳಿ ವಾಸನೆಯಿತ್ತು. ಮಂಡ್ಯದ ಕಡೆಯಿಂದ ಬಂದ ನಮ್ಮ ಎರಡು ಸಂಸಾರಗಳೂ ಅಲ್ಲಿ ಒಟ್ಟಿಗಿದ್ದವು. ರೈಲ್ವೆ ವರ್ಕ್‌ಶಾಪಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ರಜೆ ಸಿಕ್ಕಿದ ದಿನ ಬಚ್ಚಲ ಕಿಟಕಿಗೆ ಕಂಬಳಿ ಹೊದಿಸಿ, ಕೆಂಪು ಬಲ್ಬು ಹಾಕಿ, ಆ ಹುಳಿ ವಾಸನೆಯ ದ್ರಾವಣದಲ್ಲಿ ಫೋಟೋ ತೊಳೆಯುತ್ತಿದ್ದರು. ಟವೆಲು ಹಿಡಿದು ಕಾದ ಅಮ್ಮನೂ ಚಿಕ್ಕಮ್ಮನೂ ಹೊರಗೆ ಗೊಣಗುತ್ತಿದ್ದರೆ, ಒಳಗೆ ತಟ್ಟೆಯ ನೀರಿನಲ್ಲಿ ಮೊದಲು ಒಂದು ಹುಬ್ಬು, ಆಮೇಲೆ ಕಣ್ಣು, ಆಮೇಲೆ ಒಂದು ಇಡೀ ಮುಖ ನಿಧಾನವಾಗಿ ಮೇಲೇಳುತ್ತಿತ್ತು.

ಬೇಸಿಗೆ ರಜೆಯಲ್ಲಿ ನಮ್ಮ ಮುಖಗಳು. ತಾರಸಿಯ ಮೇಲೆ ಸ್ಟೂಲು, ಹಿಂದೆ ಒಣಗಲು ಹಾಕಿದ ಸೀರೆ. ಚಿಕ್ಕಪ್ಪನಿಗೆ ಇಳಿಬಿಸಿಲೇ ಆಗಬೇಕು. ಆ ಮಂದ ಬೆಳಕಿಗೆ ಅವರ ಹಳೆಯ ಕ್ಯಾಮೆರಾ ಕಣ್ಣನ್ನು ಬಹಳ ಹೊತ್ತು ತೆರೆದಿರಬೇಕಾಗಿತ್ತು. ಅದಕ್ಕಾಗಿ ಮನೆಯಲ್ಲಿ ಒಂದು ಕಟ್ಟಳೆ: ಅವರು ‘ಆಯ್ತು’ ಅನ್ನುವವರೆಗೆ ಯಾರೂ ಅಲ್ಲಾಡಬಾರದು, ಮಾತಾಡಬಾರದು. ಅವರ ಮಗಳು ವೀಣಾ ಅದರಲ್ಲಿ ಎಲ್ಲರನ್ನೂ ಮೀರಿಸಿದವಳು. ಒಮ್ಮೆ ಕಟ್ಟಿರುವೆ ಕೆನ್ನೆ ಹತ್ತಿ ಕಚ್ಚಿದಾಗಲೂ ರೆಪ್ಪೆ ಬಡಿಯದೆ ಕೂತಿದ್ದಳು. ಏಳು ವರ್ಷದ ಹುಡುಗಿ. ಚಿಕ್ಕಪ್ಪ ಅದನ್ನು ಬಂದವರಿಗೆಲ್ಲ ಹೇಳಿಕೊಂಡು ಹಿಗ್ಗುತ್ತಿದ್ದರು. ಮನೆಯಲ್ಲಿ ಒಬ್ಬರಿಗಾದರೂ ಅದನ್ನು ಕೇಳಿ ಭಯವಾಗಬೇಕಿತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಆ ಬೇಸಿಗೆಯಲ್ಲಿ ಚಿಕ್ಕಪ್ಪ ನನ್ನನ್ನೂ ವೀಣಾಳನ್ನೂ ಲೋಕಲ್ ರೈಲಿನಲ್ಲಿ ತಿರುವಳ್ಳೂರಿನ ಆಚೆಯ ಒಂದು ಹಳ್ಳಿಗೆ ಕರೆದೊಯ್ದರು. ಅಂಥ ತಿರುಗಾಟಗಳಲ್ಲಿ ಅವರು ತಾಟಿನುಂಗು ಕೊಚ್ಚುವವರನ್ನು, ಜಗುಲಿಯ ಮೇಲೆ ನಿದ್ದೆ ಹೋದ ಮುದುಕರನ್ನು, ನೊಗವಿಲ್ಲದೆ ನಿಂತ ಎತ್ತುಗಳನ್ನು ತೆಗೆಯುತ್ತಿದ್ದರು. ಆವತ್ತು ಕೆರೆಯ ತೂಬಿನ ಕಟ್ಟೆ ಕಣ್ಣಿಗೆ ಬಿತ್ತು. ಕೆರೆ ಅರ್ಧ ಬತ್ತಿತ್ತು, ತೂಬಿನ ಬುಡದಲ್ಲಿ ಮಾತ್ರ ನೀರು ಕಪ್ಪಾಗಿ ನಿಂತಿತ್ತು. ವೀಣಾಳನ್ನು ಅಂಚಿನ ಕಲ್ಲಿನ ಮೇಲೆ ಕೂರಿಸಿ, ಅವಳ ಮುಖಕ್ಕೆ ಬೆಳಕು ಬೀಳಲೆಂದು ಒಂದು ಬಿಳಿ ಪಂಚೆಯನ್ನು ನನ್ನ ಕೈಗೆ ಕೊಟ್ಟು ಹರಡಿ ನಿಲ್ಲಿಸಿದರು. ಗಡಿಯಾರ ನೋಡಿ, “ಐದೂಕಾಲು. ಈ ಬೆಳಕು ಇನ್ನು ಸ್ವಲ್ಪ ಹೊತ್ತೇ ಇರೋದು” ಅಂದು ಸ್ಟ್ಯಾಂಡಿನ ಮೇಲಿದ್ದ ಕ್ಯಾಮೆರಾಕ್ಕೆ ಬಗ್ಗಿದರು.

ನಾನು ನಿಂತಲ್ಲಿಂದ ಕಲ್ಲಿನ ಅಡಿಭಾಗ ಕಾಣುತ್ತಿತ್ತು. ಗಾರೆ ಪುಡಿಪುಡಿಯಾಗಿ ನೀರಿಗೆ ಉದುರುತ್ತಿತ್ತು.

“ಚಿಕ್ಕಪ್ಪಾ, ಕಲ್ಲು.”

“ಶ್, ಸುಮ್ಕಿರೋ. ಪಂಚೆ ಅಲ್ಲಾಡ್ತಾ ಐತೆ.”

ಮತ್ತೆ ಕೂಗಿದೆ. ಅವರು ತಲೆಯೆತ್ತಲಿಲ್ಲ. ವೀಣಾಳಿಗೆ ಕೇಳಿಸಿತ್ತು; ಅವಳ ಕಣ್ಣು ಮಾತ್ರ ಒಮ್ಮೆ ಕಲ್ಲಿನ ಕಡೆ ಹೊರಳಿ, ತಿರುಗಿ ಕ್ಯಾಮೆರಾಕ್ಕೆ ಬಂತು. ಎದ್ದು ಒಂದು ಹೆಜ್ಜೆ ಈಚೆಗೆ ಬಂದಿದ್ದರೆ ಸಾಕಾಗಿತ್ತು. ಆದರೆ ಅಪ್ಪ ಇನ್ನೂ ‘ಆಯ್ತು’ ಅಂದಿರಲಿಲ್ಲ. ಬೆನ್ನು ನೆಟ್ಟಗೆ, ಕೈ ಮಡಿಲಲ್ಲಿ, ಕೂತ ಭಂಗಿಯಲ್ಲೇ ಅವಳು ಕಲ್ಲಿನೊಂದಿಗೆ ನೀರಿಗೆ ಹೋದಳು. ಈಜು ಬಾರದ ಚಿಕ್ಕಪ್ಪ ಹಿಂದೆಯೇ ಹಾರಿದರು. ಎಮ್ಮೆ ತೊಳೆಯುತ್ತಿದ್ದ ಒಬ್ಬಾತ ಓಡಿಬಂದು ಇಬ್ಬರನ್ನೂ ಎಳೆದು ಹಾಕಿದ. ವೀಣಾ ನೀರು ಕಕ್ಕಿದಳು, ಕೆಮ್ಮಿದಳು, ಆಮೇಲೆ ಶಾಲೆಯಲ್ಲಿ ಕಲಿತ ತಮಿಳಿನಲ್ಲೇ ಕೇಳಿದಳು: “ಮುಡಿಂಜುದಾ ಅಪ್ಪಾ?” ಮುಗಿಯಿತಾ ಎಂದು.

ಮನೆಯಲ್ಲಿ ಅದು ಬರಬರುತ್ತ ತಮಾಷೆಯ ಕಥೆಯಾಯಿತು. ಬಂದವರಿಗೆ ಅಮ್ಮ, “ಅಪ್ಪ ಮಗಳು ಎಮ್ಮೆ ಜೊತೇಲಿ ಸ್ನಾನ ಮಾಡ್ಕೊಂಡ್ ಬಂದ್ರು” ಅಂದರೆ ಎಲ್ಲರೂ ನಗುವರು. ಕಲ್ಲನ್ನು ಬೈದರು, ಗಳಿಗೆಯನ್ನು ಬೈದರು. ನೀನು ಏನೆಂದು ಕೂಗಿದೆ ಎಂದು ಒಬ್ಬರೂ ಕೇಳಲಿಲ್ಲ. ಆ ಸಿಟ್ಟು ನನ್ನಲ್ಲಿ ಇನ್ನೂ ಇದೆ. ನಗದವರು ಚಿಕ್ಕಮ್ಮ ಒಬ್ಬರೇ. “ಫೋಟೋದಲ್ಲಿರೋ ಮಗಳೇ ಸಾಕಾ ನಿಮ್ಗೆ, ಮನೇಲಿರೋಳು ಬ್ಯಾಡ್ವಾ?” ಎಂದು ಕೇಳಿ ಕ್ಯಾಮೆರಾವನ್ನು ಅಟ್ಟಕ್ಕೆ ಎಸೆದಂತೆ ಇಟ್ಟರು.

ಚಿಕ್ಕಪ್ಪನಿಗೆ ನಿದ್ದೆಯೇ ಬರದಾಯಿತು. ವೀಣಾ ಮಲಗುವಾಗಲೂ ಕದಲುತ್ತಿರಲಿಲ್ಲ. ಅವರಿಗೆ ಅದನ್ನು ನೋಡಲಾಗುತ್ತಿರಲಿಲ್ಲ. “ಅಲ್ಲಾಡು ಮಗಾ, ಒಂದ್ಸಲ ಅಲ್ಲಾಡು” ಎಂದು ಎಬ್ಬಿಸುವರು, ಅವಳು ಅಳುವಳು, ಎರಡೂ ಸಂಸಾರ ಎದ್ದು ಕೂರುವುದು. ಮುಂದಿನ ಬೇಸಿಗೆಯವರೆಗೂ ಇದೇ ನಡೆಯಿತು. ಕೊನೆಗೆ ಚಿಕ್ಕಮ್ಮನೇ ಕ್ಯಾಮೆರಾ ಇಳಿಸಿ, ಸೆರಗಿನಲ್ಲಿ ಧೂಳು ಒರೆಸಿ, “ಒಂದು ತೆಗೀರಿ, ಅದೇನಾಗ್ತದೋ ನೋಡಾನ” ಅಂದರು.

ಅದೇ ತಾರಸಿ, ಅದೇ ಸ್ಟೂಲು. ಚಿಕ್ಕಪ್ಪ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಸಿಕ್ಕಿಸಿದರು. ಗುಂಡಿ ಒತ್ತಿದರು. ‘ಆಯ್ತು’ ಅನ್ನುವ ಮೊದಲೇ ವೀಣಾ ಸ್ಟೂಲಿನಿಂದ ಧುಮುಕಿ, ಒಣಗುತ್ತಿದ್ದ ಸೀರೆಗಳ ಒಳಗೆ ನುಗ್ಗಿ ಓಡಿಹೋದಳು. ಅವರು ಗದರಲಿಲ್ಲ.

ಆ ಮನೆ ಈಗಿಲ್ಲ, ಅಲ್ಲಿ ಫ್ಲಾಟುಗಳೆದ್ದಿವೆ. ಚಿಕ್ಕಪ್ಪನೂ ಇಲ್ಲ. ಕೆರೆಯ ಮಾತೆತ್ತಿದರೆ ವೀಣಾ, “ನಂಗೆ ಜ್ಞಾಪಕಾನೇ ಇಲ್ಲ ಅಣ್ಣಾ, ಬಿಡು” ಅನ್ನುತ್ತಾಳೆ. ಬಿಡುವುದು ಹೇಗೆಂದು ಹೇಳುವುದಿಲ್ಲ. ತಾರಸಿಯ ಚಿತ್ರವಿದ್ದ ರೋಲಿನಲ್ಲೇ ಇದ್ದ ಕೆರೆಯ ಚಿತ್ರವನ್ನು ಚಿಕ್ಕಪ್ಪ ಕತ್ತರಿಯಿಂದ ಕತ್ತರಿಸಿ ತೆಗೆದಿದ್ದರು. ಅದರಲ್ಲಿ ಏನು ಕಂಡಿತೆಂದು ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ತಾರಸಿಯ ಚಿತ್ರ ನನ್ನ ಬಳಿ ಇದೆ. ಸ್ಟೂಲು ಸ್ಪಷ್ಟವಾಗಿದೆ. ಹುಡುಗಿ ಇರಬೇಕಾದ ಜಾಗದಲ್ಲಿ ಬರೀ ಒಂದು ಬಿಳಿ ಗೀರು.

ಅದನ್ನು ತೊಳೆದ ದಿನ ಮನೆಯೆಲ್ಲ ಮತ್ತೆ ಹುಳಿ ವಾಸನೆ. ಒದ್ದೆ ಚಿತ್ರವನ್ನು ಬಚ್ಚಲ ತಂತಿಗೆ ಸಿಕ್ಕಿಸಿ ಚಿಕ್ಕಪ್ಪ ಬಹಳ ಹೊತ್ತು ನೋಡಿದರು, “ಆಯ್ತು” ಅಂದರು, ಹೋಗಿ ಮಲಗಿದರು. ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದು ಬಡಿದು ಸಾಕಾಗಿ ಪ್ಯಾಕೆಟ್ಟುಗಳನ್ನು ಹೊಸ್ತಿಲಲ್ಲಿಟ್ಟು ಹೋಗಿದ್ದ. ಒಂದು ವರ್ಷದಲ್ಲಿ ಮೊದಲ ಸಲ ರಾತ್ರಿಯಿಡೀ ನಿದ್ದೆ ಹತ್ತಿದ್ದ ಮನೆಯಲ್ಲಿ ಯಾರಿಗೂ ಎಚ್ಚರವಾಗಿರಲಿಲ್ಲ.