ಸಾಲಿಸಿಟರ್ ನನ್ನನ್ನು ಹೊರಗೆ ಕೂರಿಸಿದ ದಿನ

ಒಂದು ಬೆಳಿಗ್ಗೆ ನಮ್ಮನೆಯವರು ಹಣೆಯಲ್ಲಿ ವಿಭೂತಿ ಇದ್ದ ಹಾಗೆಯೇ ಮತ್ತೆ ಲಿಂಗಪೂಜೆಗೆ ಕೂತರು.

"ಈಗಷ್ಟ ಪೂಜಿ ಆತಲ್ರೀ?" ಅಂದೆ.

"ಯಾವಾಗ?" ಅಂದರು.

ವಯಸ್ಸಾಯಿತು, ಮರೆವು ಸಹಜ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಮೇಲೆ ಒಂದು ದಿನ ಇಲ್ಲೇ ಸಟನ್‌ನ ಅಂಗಡಿಗೆ ಹಾಲು ತರಲು ಹೋದವರು ದಾರಿ ತಪ್ಪಿದರು. ಯಾರೋ ಪುಣ್ಯಾತ್ಮರು ಮನೆ ಮುಟ್ಟಿಸಿದರು. ಜಿಪಿ, ಅಂದರೆ ನಮ್ಮ ಮಾಮೂಲಿ ಡಾಕ್ಟರ್, ಮರೆವಿನ ತಪಾಸಣೆಗೆಂದು ನಮ್ಮನ್ನು ಮೆಮರಿ ಕ್ಲಿನಿಕ್‌ಗೆ ಕಳಿಸಿದರು.

ಅಲ್ಲಿನ ಡಾಕ್ಟರ್ ನಮ್ಮವರನ್ನು "ಈಗ ಯಾವ ಸೀಸನ್?" ಎಂದು ಕೇಳಿದರೆ, "ಆಟಮ್" ಅಂದವಳು ನಾನು! ಏನು ಮಾಡಲಿ, ಅಭ್ಯಾಸ. ನಮ್ಮವರು ಅನಸ್ತೀಸಿಯಾ ಡಾಕ್ಟರ್ ಆಗಿದ್ದವರು. ನಿದ್ದೆ ಬರಿಸಿದವರ ಜೊತೆ ಮಾತೇನಿರುತ್ತದೆ? ಧಾರವಾಡದಿಂದ ಈ ಇಂಗ್ಲಿಷರ ನಾಡಿಗೆ ಬಂದಾಗಿನಿಂದ ಬೀಗರು, ಪ್ಲಂಬರ್, ಕೌನ್ಸಿಲ್ ಎಲ್ಲರ ಜೊತೆ ಮಾತಾಡುವವಳು ನಾನೇ. ಅವರು ಬಾಯಿ ತೆರೆಯುವಷ್ಟರಲ್ಲಿ ನನ್ನ ಉತ್ತರ ಮುಗಿದಿರುತ್ತಿತ್ತು.

"ಮಮ್, ಲೆಟ್ ಹಿಮ್ ಆನ್ಸರ್," ಎಂದು ಜೊತೆಗೆ ಬಂದಿದ್ದ ಮಗಳು ನನ್ನ ಕೈ ಅದುಮಿದಳು.

ಪರೀಕ್ಷೆ ಮುಗಿದ ಮೇಲೆ ಡಾಕ್ಟರ್ ಹೇಳಿದ ಹೆಸರು ಆಲ್ಝೈಮರ್ಸ್.

"ಕೇರ್ ಹೋಮಿಗೆ ಮಾತ್ರ ಕಳಸಂಗಿಲ್ಲ. ನನ್ನ ಜೀವ ಇರೋತನಕ ನಾನೇ ನೋಡ್ಕೋತೀನಿ," ಎಂದು ಕಾರಿನಲ್ಲೇ ಸಾರಿಬಿಟ್ಟೆ. ನನಗೇ ಬೈಪಾಸ್ ಆಗಿದೆ ಎಂಬುದನ್ನು ಯಾರೂ ಎತ್ತಲಿಲ್ಲ. ನಮ್ಮವರು ಕಿಟಕಿಯಾಚೆ ನೋಡುತ್ತಿದ್ದರು.

ಕ್ಲಿನಿಕ್‌ನ ನರ್ಸ್ ಒಂದು ಮಾತು ಹೇಳಿ ಪುಣ್ಯ ಕಟ್ಟಿಕೊಂಡಿದ್ದಳು. ಇವರಿಗೆ ತಿಳಿವಳಿಕೆ ಇರುವಾಗಲೇ ಪವರ್ ಆಫ್ ಅಟಾರ್ನಿ ಮಾಡಿಸಿ ಎಂದು. ಮಗಳನ್ನೂ ಕರೆದುಕೊಂಡು, ವಯಸ್ಸಾದವರ ವ್ಯವಹಾರವನ್ನೇ ನೋಡುವ ಒಬ್ಬ ಸಾಲಿಸಿಟರ್, ಅಂದರೆ ವಕೀಲೆಯ ಹತ್ತಿರ ಹೋದೆವು. ಹೆಂಡತಿ ಅಂದರೆ ಸಾಲದೇ ಎಂದು ಕೇಳಿದೆ. ಸಾಲದು ಅಂದರು ಆಕೆ. ಬ್ಯಾಂಕು, ಮನೆ, ಚಿಕಿತ್ಸೆ, ಕೊನೆಗೆ ಅವರು ಎಲ್ಲಿರಬೇಕು ಎನ್ನುವುದನ್ನೂ ಮುಂದೆ ನಾವು ನಿರ್ಧರಿಸಬೇಕಾದರೆ, ಆ ಅಧಿಕಾರವನ್ನು ಅವರೇ ನನಗೂ ಮಗಳಿಗೂ ಈಗಲೇ ಕೊಡಬೇಕು. ಬುದ್ಧಿ ಕೈಕೊಟ್ಟ ಮೇಲೆ ಕೋರ್ಟಿಗೆ ಅಲೆಯುವುದೊಂದೇ ದಾರಿ.

ಆಕೆ ಅವರನ್ನು ಕೇಳಿದ ಮೊದಲ ಪ್ರಶ್ನೆಗೂ ನಾನೇ ಉತ್ತರ ಕೊಟ್ಟೆ. ಎರಡನೆಯದಕ್ಕೂ. ಆಕೆ ಪೆನ್ನು ಕೆಳಗಿಟ್ಟರು. ಇದು ಇವರ ಸ್ವಂತ ಇಚ್ಛೆ ಹೌದೋ ಅಲ್ಲವೋ ತಿಳಿಯಬೇಕು, ದಯವಿಟ್ಟು ನೀವಿಬ್ಬರೂ ಹೊರಗಿರಿ ಅಂದರು.

ನನ್ನನ್ನು! ಹೊರಗೆ!

ಮೈಯೆಲ್ಲ ಉರಿಯಿತು. ಹೊರಗೆ ಕುರ್ಚಿಯಲ್ಲಿ ಕೂತ ಮೇಲೆ ಸಿಟ್ಟು ಇಳಿದು ಭಯ ಹತ್ತಿತು. ಅವರು ತಡವರಿಸಿದರೆ? ಮಗಳ ಹೆಸರೇ ಹೊಳೆಯದಿದ್ದರೆ? ಒಳಗೆ ಹೋಗಿ ನೆನಪು ಮಾಡಿಕೊಡಲೂ ಆಗದು. ಶಿವಾ, ಇವತ್ತೊಂದಿನ ಅವರ ಮಾನ ಕಾಪಾಡಪ್ಪಾ ಎಂದು ಬೇಡಿಕೊಂಡೆ.

ಬಾಗಿಲು ತೆರೆಯಿತು. ಆಕೆಯ ಮುಖದಲ್ಲಿ ನಗು ಇತ್ತು. "ತಮಗೇನು ಬೇಕು ಎನ್ನುವುದು ಇವರಿಗೆ ಸ್ಪಷ್ಟವಾಗಿ ಗೊತ್ತಿದೆ. ನಿಮಗೆ ತಾವೇ ಹೇಳುತ್ತಾರಂತೆ," ಅಂದರು.

ನಮ್ಮವರು ನಿಧಾನವಾಗಿ ಶುರು ಮಾಡಿದರು. "ನಿನ್ನ ಗುರುತು ಸಿಗಲಾರದಂಗ ಆತಂದ್ರ, ನನ್ನ ಕೇರ್ ಹೋಮಿಗೆ ಸೇರಸು. ಕೊರಳಾಗಿನ ಲಿಂಗ ಯಾರೂ ತೆಗೀಬಾರದು. ಮಾಂಸ ಮುಟ್ಟಸಬಾರದು. ಇಷ್ಟ ಬರಸೀನಿ."

"ಏನಂತ ಮಾತಾಡ್ತೀರಿ ನೀವು!"

"ತಡಿ. ಇನ್ನೂ ಮುಗದಿಲ್ಲ."

ನಾನು ಬಾಯಿ ಮುಚ್ಚಿದೆ.

"ನನ್ನ ಎತ್ತಿ ಇಳಿಸಿ ನಿನ್ನ ಎದಿ ಒಡಕೋಬ್ಯಾಡ. ಮಂದಿ ಆಡಿಕೋತಾರ, ಆಡಿಕೊಳ್ಳಿ. ಯಾರರೆ ಕೇಳಿದ್ರ, ನನ್ನ ಗಂಡನ ಹೇಳ್ಯಾನಂತ ಹೇಳು."

ಪರಕೀಯರ ಆಫೀಸು ಎನ್ನುವುದನ್ನೂ ಮರೆತು ಗಳಗಳ ಅತ್ತುಬಿಟ್ಟೆ. ಮದುವೆಯಾದಾಗಿನಿಂದ ಅವರು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕೇಳಲು ಪುರುಸೊತ್ತಾದರೂ ಎಲ್ಲಿ ಕೊಟ್ಟಿದ್ದೆ?

ಈಗ ಎಲ್ಲ ರಿಜಿಸ್ಟರ್ ಆಗಿದೆ. ವಿಲ್ ಕೂಡ ಹೊಸದಾಗಿ ಬರೆಸಿದ್ದೇವೆ. ಬೆಳಿಗ್ಗೆ ಸ್ನಾನ ಮಾಡಿಸಲು ಕೇರರ್ ಬರುತ್ತಾಳೆ, ನಾನು ಬೇಡ ಅನ್ನುವುದಿಲ್ಲ. ಕೆಲವು ದಿನ ಅವರಿಗೆ ಮಗಳ ಹೆಸರು ಬರುವುದಿಲ್ಲ. ನನ್ನದು ಇನ್ನೂ ಬರುತ್ತದೆ. ಸಾಲಿಸಿಟರ್‌ಗೆ ಹೋಳಿಗೆ ಮಾಡಿಕೊಂಡು ಹೋಗಿ ಕೊಟ್ಟುಬಂದೆ. ನನ್ನನ್ನು ಹೊರಗೆ ಕೂರಿಸಿದ್ದಕ್ಕೆ ಥ್ಯಾಂಕ್ಸ್ ಅಂದೆ. ಆಕೆ ಜೋರಾಗಿ ನಕ್ಕರು.

ಕೇರ್ ಹೋಮಿನ ದಿನ ಬಂದರೂ ಬರಬಹುದು. ಬಾರದಿರಲಿ ಎಂದು ದಿನಾ ಕೈಮುಗಿಯುತ್ತೇನೆ. ಬಂದರೆ ಅಳುತ್ತಲೇ ಕರೆದುಕೊಂಡು ಹೋಗುತ್ತೇನೆ. ಬಿಟ್ಟುಬಂದೆನಲ್ಲ ಎಂಬ ಕೊರಗು ಮಾತ್ರ ಇರುವುದಿಲ್ಲ. ಬುದ್ಧಿ ನೆಟ್ಟಗಿರುವಾಗಲೇ ಆ ಹೊರೆಯನ್ನು ಅವರು ನನ್ನಿಂದ ಇಳಿಸಿ ತಾವು ಹೊತ್ತುಕೊಂಡರು.