ಗಡಿಗೆಯ ನೀರು

ಹುಮನಾಬಾದಿನ ನಮ್ಮ ಬಾಡಿಗೆ ಮನೆಯ ಫ್ರಿಜ್ಜಿನಲ್ಲಿ ಸೀಲ್ ಒಡೆಯದ ಎರಡು ನೀರಿನ ಬಾಟಲಿ ಸದಾ ಇರುತ್ತಿದ್ದವು. ಅವು ನಮಗಲ್ಲ. ಹಳ್ಳಿಯಿಂದ ಮೇಲಿನ ಓಣಿಯವರು ಯಾರಾದರೂ ಬಂದರೆ ಅವ್ವ ಅವನ್ನೇ ಮುಂದಿಡುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

“ನಮ್ಮ ಗಡಗಿ ನೀರಿಗೆ ಏನಾಗ್ಯಾದ?” ಎಂದು ಎಷ್ಟೋ ಸಲ ಜಗಳ ತೆಗೆದಿದ್ದೇನೆ.

“ಸೀಲ್ ಇದ್ರ ಸುಮ್ನ ಕುಡೀತಾರ. ಗಡಗೀದು ಕೊಟ್ರ ‘ಬ್ಯಾಡ, ನೀರಡಿಕಿ ಇಲ್ಲ’ ಅಂತಾರ. ಆ ‘ಬ್ಯಾಡ’ ಕೇಳಿ ಕೇಳಿ ಸಾಕಾಗ್ಯಾದ ನನಗ.”

ಹೋದ ಬೇಸಿಗೆಯಲ್ಲಿ ಒಂದು ದಿನ ಹಳ್ಳಿಯ ಗೌಡರ ಮಗ ಫೋನ್ ಮಾಡಿದ. ನಾವಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ತಾಯಿಯನ್ನು ಬಸವಕಲ್ಯಾಣಕ್ಕೆ ಕರೆದೊಯ್ಯುವಾಗ ಹೈವೇಯಲ್ಲಿ ಕಾರು ಕೆಟ್ಟಿತ್ತಂತೆ. “ತಾಸೊತ್ತು ನಿಮ್ಮ ಮನ್ಯಾಗ ಕೂಡ್ಲಿ” ಎಂದು ಆಟೋದಲ್ಲಿ ಅವಳನ್ನು ತಂದು ಬಿಟ್ಟು, ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ಹೋದ.

ಗೌಡ್ತಿಗೆ ಎಂಬತ್ತರ ಮೇಲಾಗಿದೆ, ಸಕ್ಕರೆ ಕಾಯಿಲೆ ಬೇರೆ. ಲಿಂಗಪೂಜೆ ಆಗುವವರೆಗೆ ಹನಿ ನೀರು ಮುಟ್ಟುವವಳಲ್ಲ. ಪೂಜೆಯನ್ನು ಕಲ್ಯಾಣದಲ್ಲೇ ಮಾಡಬೇಕೆಂದು ಬೆಳಗಿನಿಂದ ಹಾಗೇ ಇದ್ದಳು. ಬುದ್ಧನ ಪಟದ ಕೆಳಗಿನ ಕುರ್ಚಿಯಲ್ಲಿ ಕೂತವಳ ಹಣೆ ಬೆವರುತ್ತಿತ್ತು, ಕೈ ನಡುಗುತ್ತಿತ್ತು. ಮೈಯಲ್ಲಿ ಸಕ್ಕರೆ ಇಳಿದಿರಬೇಕೆಂದು ಒಂದು ಚಮಚ ಸಕ್ಕರೆ ತಂದುಕೊಟ್ಟರೆ, ಪೂಜೆಯಾಗದೆ ಬೇಡವೆಂದು ತಲೆಯಾಡಿಸಿದಳು. ಮಗ ಫೋನ್ ಎತ್ತಲಿಲ್ಲ. ನಮ್ಮ ಮನೆಯಲ್ಲಿ ಈಕೆಗೆ ಹೆಚ್ಚುಕಡಿಮೆ ಆದರೆ ಏನು ಗತಿ ಎಂದು ಹೆದರಿ ಮತ್ತೆ ಮತ್ತೆ ಫೋನ್ ಹಚ್ಚಿದೆ.

ಅವ್ವ ಬಾಟಲಿ ತಂದಿಟ್ಟಳು.

“ಇದು ಯಾವಾಗ ತುಂಬಿದ್ದೋ ಏನೋ, ಪೂಜಿಗಿ ಬರಂಗಿಲ್ಲ,” ಅಂದಳು ಗೌಡ್ತಿ. “ನಿಮ್ಮ ಗಡಗಿ ನೀರು ಕೊಡು. ಇಲ್ಲೇ ಮಾಡ್ತೀನಿ.”

ಅವ್ವ ನಿಂತಲ್ಲಿಂದ ಅಲುಗಲಿಲ್ಲ. “ನಮ್ಮ ಗಡಗೀದು ನಿಮಗ ನಡೀತದೇನ್ರಿ, ಗೌಡ್ತೇರ?”

ಆ ಮಾತು ಎಲ್ಲಿಂದ ಬಂತೆಂದು ನನಗೆ ಗೊತ್ತಿತ್ತು. ಚಿಕ್ಕವಳಿದ್ದಾಗ ಅವ್ವನ ಜೊತೆ ಅವರ ಹೊಲಕ್ಕೆ ಕಳೆ ಕೀಳಲು ಹೋಗುತ್ತಿದ್ದೆ. ನೀರಡಿಸಿದರೆ ಅವರ ಹಿತ್ತಲ ಬಾಗಿಲ ಹೊರಗೆ ನಿಲ್ಲಬೇಕು. ಇದೇ ಗೌಡ್ತಿ ಮೆಟ್ಟಿಲ ಮೇಲೆ ನಿಂತು, ತಂಬಿಗೆಯನ್ನು ಎತ್ತರಕ್ಕೆ ಹಿಡಿದು ಅವ್ವನ ಬೊಗಸೆಗೆ ಸುರಿಯುತ್ತಿದ್ದಳು. ತಂಬಿಗೆ ಅವ್ವನ ಕೈಗೆ ತಾಗಬಾರದಲ್ಲ. ಅರ್ಧ ನೀರು ಮಣ್ಣಿಗೆ ಬೀಳುತ್ತಿತ್ತು. ಸಿಡಿದ ಹನಿ ಮುಖಕ್ಕೆ ಬಿದ್ದರೆ ನನಗೆ ಖುಷಿಯಾಗುತ್ತಿತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

“ಅವ್ವಾ, ಮುದುಕಿ ಬೀಳ್ತಾಳ. ಕೊಡು,” ಅಂದೆ.

“ನೀ ಸುಮ್ಕಿರು. ಅವರು ಹೇಳ್ಲಿ.”

ಗೌಡ್ತಿ ಎದೆಯ ಮೇಲಿನ ಲಿಂಗವನ್ನು ಕೈಯಲ್ಲಿ ಹಿಡಿದುಕೊಂಡಳು. “ಎದಿ ಮ್ಯಾಲ ಲಿಂಗ ಕಟ್ಕೊಂಡೇ ನಡ್ಯಂಗಿಲ್ಲ ಅಂದಾಕಿ ನಾ. ಈಗ ಬೇಡಾಕತ್ತೀನಿ. ಕೊಡು.”

ಅವ್ವ ತಂಬಿಗೆ ತುಂಬಿ ತಂದಳು. ಗೌಡ್ತಿ ಲಿಂಗವನ್ನು ಎಡಗೈಯಲ್ಲಿಟ್ಟುಕೊಂಡು ಬಲಗೈಯಲ್ಲಿ ತಂಬಿಗೆ ಹಿಡಿಯಲು ನೋಡಿದಳು. ಕೈ ನಡುಗಿ ನೀರು ಸೀರೆ ಮೇಲೆ ಚೆಲ್ಲಿತು.

“ನನ್ನ ಕೈಲಿ ಆಗವಲ್ದು. ನೀನೇ ಹಾಕು.”

ಅವ್ವ ನಿಂತಿದ್ದಳು, ಗೌಡ್ತಿ ಕುರ್ಚಿಯಲ್ಲಿ ಕೂತಿದ್ದಳು. ಹಿತ್ತಲ ಬಾಗಿಲಲ್ಲಿ ಇದ್ದಷ್ಟೇ ಎತ್ತರ. ಅಲ್ಲಿಂದಲೇ ಸುರಿ ಅಂತ ನನ್ನ ಮನಸ್ಸು ಕೂಗಿತು, ಸುಳ್ಳು ಯಾಕೆ ಹೇಳಲಿ. ಅವ್ವ ಮಂಡಿಯೂರಿ ನೆಲಕ್ಕೆ ಕೂತಳು. ತಂಬಿಗೆಯ ಕಂಠ ಮುದುಕಿಯ ಬೆರಳಿಗೆ ತಾಗುವಷ್ಟು ಹತ್ತಿರ ತಂದು, ಸಣ್ಣಗೆ ಹಾಕಿದಳು. ಒಂದು ಹನಿಯೂ ನೆಲಕ್ಕೆ ಬೀಳಲಿಲ್ಲ.

ಅಂಗೈಯ ನೀರನ್ನು ಗೌಡ್ತಿ ಕಣ್ಣಿಗೊತ್ತಿಕೊಂಡು ಕುಡಿದಳು. ನಾನು ಪೂಜೆ ಪುನಸ್ಕಾರ ನಂಬುವವಳಲ್ಲ. ಆದರೂ ಅವ್ವ ಮಂಡಿಯೂರಿ ತಂಬಿಗೆ ಕೆಳಗಿಳಿಸಿದ ಗಳಿಗೆಯಲ್ಲೇ ಗಡಿಗೆಗೆ ತುಂಬಿದ ನಮ್ಮ ನಳದ ನೀರು ತೀರ್ಥವಾಗಿತ್ತು ಎನ್ನುತ್ತೇನೆ.

“ಇನ್ನಾರೆ ಸಕ್ರಿ ತಿನ್ರಿ,” ಅಂದಳು ಅವ್ವ.

ತಾಸಿನ ಮೇಲೆ ಮಗ ಬೆವರುತ್ತ ಬಂದವನೇ ಮೇಜಿನ ಮೇಲಿದ್ದ ಬಾಟಲಿಗೆ ಕೈ ಹಾಕಿದ. ಅವ್ವ ಅದನ್ನು ಮೆಲ್ಲಗೆ ಅವನ ಕೈಯಿಂದ ತೆಗೆದುಕೊಂಡಳು.

“ಅದು ಬ್ಯಾಡಪ್ಪ,” ಅಂದಳು, ಗಡಿಗೆಯ ಮುಚ್ಚಳ ತೆಗೆಯುತ್ತ.