ಬೇಯಿಸಿದ ಕೋಸಂಬರಿ

ಹಸಿ ಎಲೆಕೋಸನ್ನು ತುರಿದು ಅದರ ಮೇಲೆ ಇಂಗಿನ ಒಗ್ಗರಣೆ ಹಾಕಿದಾಗ ಒಂದು ವಾಸನೆ ಬರುತ್ತದೆ, ಅರ್ಧ ಹಸಿ ಅರ್ಧ ಬೆಂದ ವಾಸನೆ. ಮೊನ್ನೆ ಭಾನುವಾರ ದೆಹಲಿ ಪಕ್ಕದ ಇಂದಿರಾಪುರಂನ ನಮ್ಮ ಫ್ಲ್ಯಾಟಿನ ಅಡುಗೆಮನೆಯಿಂದ ಆ ವಾಸನೆ ಬಂತು. ಬಟ್ಟೆ ಮಡಚುತ್ತಾ ಕೂತಿದ್ದವಳು ಕೈಯಲ್ಲಿದ್ದುದನ್ನು ಬಿಟ್ಟು ಎದ್ದೆ. ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ ಅಂತ ಗೊತ್ತಾದ ಮೇಲೆ ಊಟದಲ್ಲಿ ಹಸಿ ತರಕಾರಿ ಹೆಚ್ಚಿಸಿ ಎಂದು ಡಾಕ್ಟರು ಹೇಳಿದ್ದಾರೆ. ಕಾಲೇಜಿಗೆ ಹೋಗುವ ಮಗಳು ಆ ಕೆಲಸವನ್ನು ಮೈಮೇಲೆ ಎಳೆದುಕೊಂಡಿದ್ದಾಳೆ. ಹೋಗಿ ನೋಡಿದೆ. ಪಾತ್ರೆ ತುಂಬ ಹಸಿ ಎಲೆಕೋಸು! "ಅಮ್ಮಾ, ಚಿಲ್ ಮಾಡು. ಪತ್ತಾಗೋಭಿನೇ ತಾನೇ" ಅಂದಳು. ಬರೀ ಎಲೆಕೋಸು ತಾನೇ ಅಂತೆ. ಅವಳಿಗೇನು ಗೊತ್ತು...

ಅವಳಿಗೆ ಐದು ವರ್ಷವಾಗಿದ್ದಾಗ ನಾವು ದೆಹಲಿಯ ವಸಂತ್ ಕುಂಜ್‌ನಲ್ಲಿ ಬಾಡಿಗೆಗಿದ್ದೆವು. ಮೇಲಿನ ಮನೆಯಲ್ಲಿ ನಮ್ಮ ಕಡೆಯವರೇ ಒಬ್ಬ ಆಂಟಿ ಇದ್ದರು. ಅಂಕಲ್ ಕೇಂದ್ರ ಸರ್ಕಾರದ ಕೆಲಸದಲ್ಲಿ, ನಿವೃತ್ತಿಗೆ ಹತ್ತಿರ ಬಂದವರು. ನನ್ನ ಮಗಳಿಗೆ ಆಂಟಿ 'ಅಜ್ಜಿ'. ಅಜ್ಜಿಗೆ ಅವಳು 'ಪುಟ್ಟಿ'.

ಹಸಿ ತಿನ್ನುವುದೆಂದರೆ ಆಂಟಿಗೆ ಪ್ರಾಣ. ಚಳಿಗಾಲ ಬಂತೆಂದರೆ ಕೈಗಾಡಿಯ ಭಯ್ಯಾನ ಹತ್ತಿರ ನಿಂತು, ಬಟಾಣಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಲೇ ಚೌಕಾಸಿ ಮಾಡುತ್ತಿದ್ದರು. ಮನೆಯಲ್ಲಿ ದಿನಕ್ಕೊಂದು ಕೋಸಂಬರಿ. ಇವತ್ತು ಸೌತೆಕಾಯಿ, ನಾಳೆ ಕ್ಯಾರೆಟ್, ನಾಳಿದ್ದು ಎಲೆಕೋಸು. ನನ್ನ ಮಗಳೋ, ಬೇಯಿಸಿದ ತರಕಾರಿ ಕಂಡರೆ ಬಾಯಿ ಬಿಗಿ ಹಿಡಿಯುತ್ತಿದ್ದಳು. "ಮಗುಗೆ ಕರಕರ ಅನ್ನೋದು ಬೇಕು ಕಣೇ. ನೀನು ಎಲ್ಲಾನೂ ಬೇಯಿಸಿ ಬೇಯಿಸಿ ಮುದ್ದೆ ಮಾಡ್ತೀಯ" ಎಂದು ನನಗೆ ಬೈದು, ದಿನಾ ಮಧ್ಯಾಹ್ನ ಒಂದು ಸ್ಟೀಲ್ ಡಬ್ಬಿ ಹಿಡಿದು ಕೆಳಗೆ ಇಳಿಯುತ್ತಿದ್ದರು. ಮಗಳು ಡಬ್ಬಿಯ ತಳ ಕೆರೆದು ತಿನ್ನುತ್ತಿದ್ದಳು. ಕೆನ್ನೆಯಲ್ಲಿ ಬಣ್ಣ ಬಂತು, ದಿನಾ ಬೆಳಿಗ್ಗೆ ಹೊಟ್ಟೆ ಕಟ್ಟಿ ಅಳುವುದು ನಿಂತಿತು.

ಸಂತೋಷಪಡಬೇಕಿತ್ತು. ನಾನು ಹುಟ್ಟಾ ಪುಕ್ಕಲಿ. ಪಾರ್ಕಿನಲ್ಲಿ ಕೂರುವ ಹೆಂಗಸರು ಎಲೆಕೋಸು ಹಸಿಯಾಗಿ ತಿನ್ನಿಸುತ್ತೇವೆಂದು ಕೇಳಿ ಕೆನ್ನೆ ಮೇಲೆ ಕೈ ಇಟ್ಟುಕೊಂಡಿದ್ದರು. ಅದರಲ್ಲಿ ಹುಳ ಇರುತ್ತೆ, ಕಣ್ಣಿಗೆ ಕಾಣಲ್ಲ, "ಸೀಧಾ ದಿಮಾಗ್ ಮೇ ಚಢ್ ಜಾತಾ ಹೈ" ಎಂದರು. ನೇರ ಮೆದುಳಿಗೆ! ಯಾರದೋ ನಾದಿನಿಯ ಮಗುವಿಗೆ ಹಾಗೇ ಆಯಿತಂತೆ. ಅವತ್ತಿನಿಂದ ಮಗಳು ಸುಮ್ಮನೆ ತಲೆ ಕೆರೆದುಕೊಂಡರೂ ಓಡಿಹೋಗಿ ಹಣೆ ಮುಟ್ಟಿ ನೋಡುತ್ತಿದ್ದೆ.

ಆಂಟಿಗೆ ಹೇಳಿದೆ. ನಕ್ಕುಬಿಟ್ಟರು. ಎಲೆ ಎಲೆ ಬಿಡಿಸಿ ಉಪ್ಪು ಅರಿಶಿನದ ನೀರಿನಲ್ಲಿ ನೆನೆಸುತ್ತಿದ್ದರು, ಕಾಯಿಸಿ ಆರಿಸಿದ ನೀರಿನಲ್ಲಿ ತೊಳೆಯುತ್ತಿದ್ದರು. ಆದರೆ ಅವರ ಧೈರ್ಯ ಆ ನೀರಿನದಲ್ಲ. ಕೋಸಂಬರಿ ಮೊದಲು ದೇವರ ಮುಂದೆ ಹೋಗುತ್ತಿತ್ತು. ನೈವೇದ್ಯಕ್ಕೆ ಇಡುವುದೆಂದು ಉಪ್ಪು ಕೂಡ ರುಚಿ ನೋಡುತ್ತಿರಲಿಲ್ಲ. ಆಮೇಲೆಯೇ ಪುಟ್ಟಿಗೆ. "ದೇವರಿಗಿಟ್ಟಿದ್ದು ಕಣೇ ಅದು. ಅದರಲ್ಲಿ ಎಂಥಾ ಹುಳ?" ಅನ್ನುತ್ತಿದ್ದರು. ಅವರ ಧೈರ್ಯವನ್ನೇ ಸಾಲ ತಂದಂತೆ ನಾನೂ ಸುಮ್ಮನಾಗುತ್ತಿದ್ದೆ.

ಫೆಬ್ರವರಿಯ ಒಂದು ಮಧ್ಯಾಹ್ನ. ಮಗಳಿಗೆ ಬೆಳಿಗ್ಗೆಯಿಂದ ಮೈ ಬಿಸಿ. ಇವರು ಆಫೀಸಿಗೆ ಹೋಗಿದ್ದರು. ಹಣೆ ಮೇಲೆ ಒದ್ದೆ ಬಟ್ಟೆ ಹಾಕುತ್ತಿದ್ದೆ, ಇದ್ದಕ್ಕಿದ್ದಂತೆ ಮಗುವಿನ ಕಣ್ಣುಗುಡ್ಡೆ ಮೇಲಕ್ಕೆ ಹೋಯಿತು. ಹಲ್ಲು ಕಚ್ಚಿಕೊಂಡಿತು, ಕೈಕಾಲು ಸೆಟೆದು ಅದುರತೊಡಗಿತು. ನಾನು ಏನೆಂದು ಕಿರುಚಿದೆನೋ ನೆನಪಿಲ್ಲ. ಆಂಟಿ ಚಪ್ಪಲಿಯಿಲ್ಲದೆ ಮೆಟ್ಟಿಲಿಳಿದು ಓಡಿಬಂದರು. ಮಗುವನ್ನು ಎತ್ತಿಕೊಂಡು ಆಟೋ ಹತ್ತಿದೆವು. ಅದುರುವುದೇನೋ ನಿಂತಿತ್ತು, ಕರೆದರೆ ಕಣ್ಣು ಬಿಡುತ್ತಿರಲಿಲ್ಲ. ದಾರಿಯುದ್ದಕ್ಕೂ ನಾವಿಬ್ಬರೂ ಹುಳದ ಮಾತೆತ್ತಲಿಲ್ಲ. ಇಬ್ಬರ ತಲೆಯಲ್ಲೂ ಅದೇ ಇತ್ತು.

ನರ್ಸಿಂಗ್ ಹೋಮಿನ ಡಾಕ್ಟರು ಅದೂ ಇದೂ ಕೇಳುತ್ತಾ, ಮಗು ಹಸಿ ತರಕಾರಿ ತಿನ್ನುತ್ತದಾ ಎಂದು ಹಿಂದಿಯಲ್ಲಿ ಕೇಳಿದರು. ಎಲ್ಲರನ್ನೂ ಕೇಳುವ ಪ್ರಶ್ನೆಯೇ ಇರಬೇಕು. ನಾನು ಬಾಯಿ ತೆರೆಯುವ ಮೊದಲೇ ಆಂಟಿ ಮುಂದೆ ಬಂದು, "ಮೈ ಖಿಲಾತೀ ಹೂಂ. ರೋಜ್" ಎಂದರು. ದಿನಾ ತಿನ್ನಿಸುವವಳು ತಾನೇ ಎಂದು, ಕೋರ್ಟಿನಲ್ಲಿ ತಪ್ಪು ಒಪ್ಪಿಕೊಳ್ಳುವವರ ಹಾಗೆ ನಿಂತಿದ್ದರು. ಡಾಕ್ಟರು ತಲೆಯ ಸ್ಕ್ಯಾನ್ ಬರೆದರು.

ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚು ಈಗಲೂ ನನ್ನ ಮೈಯಲ್ಲಿ ತಣ್ಣಗೆ ಕೂತಿದೆ. ಆಂಟಿ ನನ್ನ ಕೈ ಹಿಡಿದಿದ್ದರು, ಅಥವಾ ನಾನು ಅವರದನ್ನು... "ದೇವರಿಗಿಟ್ಟಿದ್ದಲ್ವೇನೇ ಅದು?" ಎಂದು ಕೇಳಿದರು. ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ. ಅವರಿಗೆ ಧೈರ್ಯ ಹೇಳಬೇಕಿದ್ದವಳು ನಾನು. ಆದರೆ ನನ್ನ ಧೈರ್ಯವೆಲ್ಲ ಅವರದೇ ಆಗಿತ್ತಲ್ಲ, ಅವರ ಹತ್ತಿರವೇ ಮುಗಿದುಹೋದ ಮೇಲೆ ನಾನು ಎಲ್ಲಿಂದ ತರಲಿ?

ತಲೆಯಲ್ಲಿ ಏನೂ ಇರಲಿಲ್ಲ. ಜ್ವರ ಏರಿದ್ದಕ್ಕೆ ಬಂದ ಫಿಟ್ಸ್, ಚಿಕ್ಕ ಮಕ್ಕಳಿಗೆ ಬರುತ್ತೆ, ದೊಡ್ಡವಳಾದಂತೆ ಹೋಗುತ್ತೆ ಎಂದರು ಡಾಕ್ಟರು. ಅಷ್ಟೊತ್ತಿಗೆ ಮಗಳು ಎಚ್ಚರವಾಗಿ ಬಿಸ್ಕತ್ತು ಕೇಳುತ್ತಿದ್ದಳು. ನನಗೆ ಹೋದ ಜೀವ ಬಂತು. ಆಂಟಿ ಮಾತ್ರ ಅಲ್ಲಿಂದ ಕದಲಲಿಲ್ಲ. ಹುಳ ಈಗ ಕಾಣದೆ ಆಮೇಲೆ ಕಾಣಿಸಿಕೊಳ್ಳಬಹುದಾ ಎಂದು ಕೇಳಿದರು. ಡಾಕ್ಟರು ಒಳ್ಳೆಯ ಮನುಷ್ಯ, ಸುಳ್ಳು ಹೇಳಲಿಲ್ಲ. ಕೆಲವರಿಗೆ ವರ್ಷಗಳಾದ ಮೇಲೂ ಕಾಣಿಸಿಕೊಳ್ಳುತ್ತದೆ, ಆದರೆ ಈ ಮಗುವಿಗೆ ಅಂಥದ್ದೇನೂ ಇಲ್ಲ ಎಂದರು. ಆಂಟಿಯ ಕಿವಿಗೆ ಮೊದಲರ್ಧ ಮಾತ್ರ ಬಿತ್ತು. ನಿಜ ಹೇಳಬೇಕೆಂದರೆ ನನ್ನ ಕಿವಿಗೂ.

ಮರುದಿನದಿಂದ ಡಬ್ಬಿ ಬರಲಿಲ್ಲ. ಆಂಟಿ ಬರುತ್ತಿದ್ದರು, ಬರಿಗೈಯಲ್ಲಿ. ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು ಕಣ್ಣನ್ನೇ ದಿಟ್ಟಿಸಿ ನೋಡುತ್ತಿದ್ದರು. ತಾವೂ ಹಸಿಯದನ್ನು ಬಿಟ್ಟರು. ಬಟಾಣಿ ಭಯ್ಯಾ ತಾನೇ ಕಾಯಿ ಸುಲಿದು ಕೊಟ್ಟರೂ ಬೇಡವೆಂದು ತಲೆ ಆಡಿಸುತ್ತಿದ್ದರು.

ರಾಮನವಮಿ ಬಂತು. ಪ್ರತಿ ವರ್ಷದಂತೆ ನಾಲ್ಕಾರು ಕನ್ನಡದ ಮನೆಯವರು ಪಾನಕಕ್ಕೆಂದು ಅವರ ಮನೆಯಲ್ಲಿ ಸೇರಿದ್ದೆವು. ನಾನು ಬೇಗ ಹೋಗಿದ್ದೆ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುತ್ತಿತ್ತು. ಒಳಗೆ ಹೆಸರುಬೇಳೆ! ಹೆಸರುಬೇಳೆಯನ್ನು ನೆನೆಸಿ ಹಾಗೇ ಇಡುವ ಹಬ್ಬ ಅದು. ಹುಟ್ಟಿದಾಗಿನಿಂದ ಕಂಡಿದ್ದೇವೆ. ಆಂಟಿ ಕೋಸಂಬರಿಯನ್ನು ಬೇಯಿಸಿದ್ದರು. ಸೌತೆಕಾಯಿಯನ್ನೂ ಬೇಯಿಸಿದ್ದರು. ನನ್ನ ಮುಖ ನೋಡಿ, "ರಾಮ ತಪ್ಪು ತಿಳ್ಕೊಳಲ್ಲ ಬಿಡು. ಅವನಿಗೂ ಮಕ್ಕಳಿದ್ರಲ್ಲ" ಎಂದರು.

ದೊಡ್ಡವರೆಲ್ಲ ದೊನ್ನೆ ಹಿಡಿದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮಗಳು ಮಾತ್ರ ಒಂದು ಚಮಚ ಬಾಯಿಗಿಟ್ಟು, "ಅಜ್ಜಿ, ಯೇ ತೋ ದಾಲ್ ಹೈ!" ಎಂದು ಕೂಗಿದಳು. ಎಲ್ಲರೂ ಗೊಳ್ಳೆಂದು ನಕ್ಕರು. ಆಂಟಿಯೂ ನಕ್ಕರು. ನಗುತ್ತಲೇ ಒಳಗೆ ಹೋದರು, ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನಾನು ಹೋಗಿ ನೋಡಿದರೆ ಸಿಂಕಿನ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದರು.

ಅಂಕಲ್ ನಿವೃತ್ತರಾದ ಮೇಲೆ ಅವರು ಮೈಸೂರಿಗೆ ಹೋದರು, ನಾವು ಇತ್ತ ಇಂದಿರಾಪುರಂಗೆ ಬಂದೆವು. ಆಂಟಿ ಫೋನ್ ಮಾಡುವುದನ್ನು ಬಿಡಲಿಲ್ಲ. ಕ್ಷೇಮ ಸಮಾಚಾರಕ್ಕೂ ಮೊದಲು ಅವರ ಪ್ರಶ್ನೆ ಒಂದೇ. "ಪುಟ್ಟಿಗೆ ತಲೆನೋವು ಏನೂ ಇಲ್ವಲ್ಲ?" ಪುಟ್ಟಿ ಹೈಸ್ಕೂಲು ಮುಗಿಸಿದಳು, ಸ್ಕೂಟಿ ಕಲಿತಳು, ನನ್ನ ಎತ್ತರ ದಾಟಿದಳು. ಪ್ರಶ್ನೆ ಬದಲಾಗಲಿಲ್ಲ. "ಇಲ್ಲ ಆಂಟಿ, ಗುಂಡುಕಲ್ಲಿನ ಹಾಗಿದ್ದಾಳೆ" ಅಂದರೆ ಆ ಕಡೆಯಿಂದ ಒಂದು ಉದ್ದನೆಯ ಉಸಿರು ಕೇಳಿಸುತ್ತಿತ್ತು. ನನಗೂ ಆ ಉಸಿರು ಕೇಳಿದರೆ ಸಮಾಧಾನ. ಹೋದ ವರ್ಷ ಮಳೆಗಾಲದಲ್ಲಿ ಅವರ ಸೊಸೆ ಫೋನ್ ಮಾಡಿದರು. ಆಂಟಿ ನಿದ್ದೆಯಲ್ಲೇ ಹೋದರಂತೆ.

ಭಾನುವಾರ ಎಲೆಕೋಸಿನ ಕೋಸಂಬರಿಯನ್ನು ಅಪ್ಪ ಮಗಳು ಹಂಚಿಕೊಂಡು ತಿಂದರು. ನಾನು ಒಂದು ಚಮಚ ಬಡಿಸಿಕೊಂಡು ಸುಮ್ಮನೆ ನೋಡುತ್ತಾ ಕೂತಿದ್ದೆ. ನಿನ್ನೆ ಸಂಜೆ ಮಗಳು ಕಾಲೇಜಿನಿಂದ ಬಂದವಳೇ ಬ್ಯಾಗು ಎಸೆದು, "ಅಮ್ಮಾ, ತಲೆ ಸಿಡೀತಿದೆ ಯಾರ್" ಎಂದು ಸೋಫಾ ಮೇಲೆ ಒರಗಿದಳು. ಮೆಟ್ರೋ ಗದ್ದಲ, ಬಿಸಿಲು, ಮಧ್ಯಾಹ್ನ ಊಟ ಬಿಟ್ಟಿದ್ದಾಳೆ, ಎಲ್ಲಾ ಗೊತ್ತು. ಒಂದು ದಿನ ಹಸಿ ತಿಂದರೆ ಮರುದಿನವೇ ಏನೂ ಆಗುವುದಿಲ್ಲ ಅನ್ನುವುದೂ ಗೊತ್ತು. ಆದರೂ ಫೋನ್ ಎತ್ತಿಕೊಂಡು ಬಾಲ್ಕನಿಗೆ ಹೋದೆ. ಆಂಟಿಯ ನಂಬರು ಇನ್ನೂ ಅಳಿಸಿಲ್ಲ. ಇನ್ನೇನು ಒತ್ತಬೇಕು, ಆಗ ನೆನಪಾಯಿತು. ಈ ಹೆದರಿಕೆ ಇನ್ನು ನನ್ನೊಬ್ಬಳದೇ.